ಟೆಸ್ಟೋಸ್ಟೆರಾನ್ ಚಿಕಿತ್ಸೆ: ಆರಂಭಿಸುವ ಮುನ್ನ, ಆರಂಭಿಸಿದ ಮೇಲೆ

ಗಂಡಸಿನ ಹಾರ್ಮೋನಾದ ಟೆಸ್ಟೋಸ್ಟೆರಾನನ್ನು ಔಷಧವಾಗಿ ಪಡೆಯುವ ವಿಷಯದಲ್ಲಿ ಬೇರೆಲ್ಲಕ್ಕಿಂತ ಮೊದಲು ತಿಳಿದಿರಬೇಕಾದ ಸಂಗತಿ ಒಂದಿದೆ. ಹೊರಗಿನಿಂದ ಈ ಹಾರ್ಮೋನು ಸೇರತೊಡಗಿದ ಕೆಲವೇ ವಾರಗಳಲ್ಲಿ ದೇಹವು ತಾನೇ ತಯಾರಿಸಿಕೊಳ್ಳುತ್ತಿದ್ದ ಟೆಸ್ಟೋಸ್ಟೆರಾನಿನ ಉತ್ಪಾದನೆಯನ್ನು ಬಹುಮಟ್ಟಿಗೆ ನಿಲ್ಲಿಸಿಬಿಡುತ್ತದೆ. ಇರುವುದರ ಮೇಲೆ ಇನ್ನಷ್ಟು ಸೇರಿಸುವ ಔಷಧ ಇದಲ್ಲ; ಇರುವುದನ್ನು ಸರಿಸಿ ಆ ಜಾಗದಲ್ಲಿ ತಾನು ಕೂರುವ ಔಷಧ. ಹುಟ್ಟಿನಿಂದಲೋ ಕಾಯಿಲೆಯಿಂದಲೋ ವೃಷಣಗಳು ಕೆಲಸ ಮಾಡದವರಿಗೆ, ಪಿಟ್ಯುಟರಿ ಗ್ರಂಥಿಯಲ್ಲಿ ಗೆಡ್ಡೆಯಾಗಿ ಶಸ್ತ್ರಚಿಕಿತ್ಸೆ ಆದವರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ವೃಷಣ ಕಳೆದುಕೊಂಡವರಿಗೆ ಇದು ದೊಡ್ಡ ಆಸರೆ. ಅವರಲ್ಲಿ ಸರಿಸಲು ಬೇಕಾದ ಸ್ವಂತ ಉತ್ಪಾದನೆಯೇ ಇರುವುದಿಲ್ಲವಾದ್ದರಿಂದ ಕಳೆದುಕೊಳ್ಳುವುದು ಕಡಿಮೆ, ಪಡೆಯುವುದು ಬಹಳ. ಸ್ವಂತ ಉತ್ಪಾದನೆ ಚೆನ್ನಾಗಿಯೇ ಇರುವ, ಬರೀ ಸುಸ್ತಿಗೆ ಮದ್ದು ಹುಡುಕುತ್ತಿರುವ ಮೂವತ್ತರ ಯುವಕನ ಲೆಕ್ಕ ಇದಕ್ಕೆ ತೀರಾ ವಿರುದ್ಧವಾದದ್ದು.

ದೇಹ ಹೀಗೇಕೆ ನಡೆದುಕೊಳ್ಳುತ್ತದೆ ಎಂಬುದನ್ನು ತಿಳಿದರೆ ಮುಂದಿನ ಎಚ್ಚರಿಕೆಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ. ಮಿದುಳಿನ ತಳಭಾಗದ ಹೈಪೋಥಲಾಮಸ್ ಆಗಾಗ ಒಂದು ಸಂಕೇತವನ್ನು ಪಿಟ್ಯುಟರಿ ಗ್ರಂಥಿಗೆ ಕಳಿಸುತ್ತಿರುತ್ತದೆ. ಪಿಟ್ಯುಟರಿ ಅದಕ್ಕೆ ಪ್ರತಿಯಾಗಿ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಎಲ್‌ಎಚ್ ವೃಷಣದಲ್ಲಿರುವ ಲೇಡಿಗ್ ಕೋಶಗಳಿಂದ ಟೆಸ್ಟೋಸ್ಟೆರಾನ್ ಮಾಡಿಸುತ್ತದೆ; ಎಫ್‌ಎಸ್‌ಎಚ್ ವೀರ್ಯಾಣುಗಳ ಬೆಳವಣಿಗೆಗೆ ನೆರವಾಗುತ್ತದೆ. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಸಾಕಷ್ಟಾದಾಗ ಮಿದುಳು ಅದನ್ನು ಗುರುತಿಸಿ ಸಂಕೇತ ಕಳಿಸುವುದನ್ನು ತಗ್ಗಿಸುತ್ತದೆ. ಮನೆಯ ಸಂಪಿಗೆ ಟ್ಯಾಂಕರ್ ನೀರು ತುಂಬಿಸಿದಾಗ ತೇಲುಗುಂಡು ಮೇಲೆದ್ದು ಕಾರ್ಪೊರೇಷನ್ ನೀರಿನ ಕವಾಟ ತಾನಾಗಿ ಮುಚ್ಚಿಕೊಳ್ಳುತ್ತದಲ್ಲ, ಇಲ್ಲಿ ನಡೆಯುವುದೂ ಅದೇ. ಹಾರ್ಮೋನು ಇಂಜೆಕ್ಷನ್ನಿನಿಂದ ಬಂತೋ ವೃಷಣದಿಂದ ಬಂತೋ ಎಂಬುದು ಮಿದುಳಿಗೆ ತಿಳಿಯುವುದಿಲ್ಲ. ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎರಡೂ ಕುಸಿಯುತ್ತವೆ, ಕೆಲಸವಿಲ್ಲದ ವೃಷಣಗಳು ಕ್ರಮೇಣ ಸಣ್ಣದಾಗುತ್ತವೆ.

ಸಂತಾನ ಬಯಸುವವರಿಗೆ ಇದು ಔಷಧವಲ್ಲ

ವೀರ್ಯಾಣುಗಳು ಬೆಳೆಯಲು ವೃಷಣದ ಒಳಗೆ ಟೆಸ್ಟೋಸ್ಟೆರಾನ್ ರಕ್ತದಲ್ಲಿರುವುದಕ್ಕಿಂತ ಹಲವಾರು ಪಟ್ಟು ಹೆಚ್ಚು ಇರಬೇಕು. ಆ ಮಟ್ಟವನ್ನು ಅಲ್ಲೇ ತಯಾರಾಗುವ ಹಾರ್ಮೋನು ಮಾತ್ರ ಕೊಡಬಲ್ಲದು. ಇಂಜೆಕ್ಷನ್ ತೆಗೆದುಕೊಳ್ಳುವವನ ರಕ್ತಪರೀಕ್ಷೆಯಲ್ಲಿ ಟೆಸ್ಟೋಸ್ಟೆರಾನ್ ಚೆನ್ನಾಗಿಯೇ ಕಾಣುತ್ತಿರುತ್ತದೆ, ಆದರೆ ಅವನ ವೃಷಣದ ಒಳಗೆ ಅದು ಬರಿದಾಗಿರುತ್ತದೆ. ಈ ಪರಿಣಾಮ ಎಷ್ಟು ಖಚಿತವೆಂದರೆ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಪುರುಷರ ಗರ್ಭನಿರೋಧಕವಾಗಿ ಬಳಸಬಹುದೇ ಎಂದೇ ಪರೀಕ್ಷಿಸಿ ನೋಡಿದೆ. 1990ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 271 ಆರೋಗ್ಯವಂತ ಪುರುಷರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಎನಾಂಥೇಟ್ ಕೊಟ್ಟಾಗ, ಆರು ತಿಂಗಳೊಳಗೆ ಅರ್ಧಕ್ಕಿಂತ ಹೆಚ್ಚು ಮಂದಿಯ ವೀರ್ಯದಲ್ಲಿ ಒಂದೇ ಒಂದು ವೀರ್ಯಾಣುವೂ ಉಳಿದಿರಲಿಲ್ಲ.

ನಮ್ಮ ಊರುಗಳಲ್ಲಿ ಈ ಒಂದು ಮಾಹಿತಿ ತಲುಪದೆ ಆಗುತ್ತಿರುವ ನೋವನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಮದುವೆಗೆ ಮುಂಚೆ ಮೈಕಟ್ಟು ಬರಲಿ ಎಂದು ಜಿಮ್ಮಿನಲ್ಲಿ ಯಾರೋ ಹೇಳಿದ ಇಂಜೆಕ್ಷನ್ ಚುಚ್ಚಿಸಿಕೊಂಡವರು, ಮದುವೆಯಾದ ಮೇಲೆ ಮಕ್ಕಳಾಗಲಿಲ್ಲವೆಂದು ಆಸ್ಪತ್ರೆಗಳಿಗೆ ಅಲೆಯುವುದುಂಟು. ಎಷ್ಟೋ ಸಲ ಪರೀಕ್ಷೆಗಳೆಲ್ಲ ಹೆಂಡತಿಗೇ ನಡೆಯುತ್ತವೆ, ಗಂಡ ತೆಗೆದುಕೊಂಡ ಇಂಜೆಕ್ಷನ್ನಿನ ಮಾತು ಬರುವುದೇ ಇಲ್ಲ. ಇದಕ್ಕಿಂತಲೂ ಬೇಸರ ತರುವುದು, ವೀರ್ಯಾಣುಗಳ ಸಂಖ್ಯೆ ಕಡಿಮೆಯಿದೆ ಎಂದು ಬಂದವರಿಗೆ, ಗಂಡಸಿನ ಹಾರ್ಮೋನು ತಾನೇ ಎಂಬ ತರ್ಕದಿಂದ, ಟೆಸ್ಟೋಸ್ಟೆರಾನನ್ನೇ ಬರೆದುಕೊಡುವುದು. ಅದು ಇದ್ದಷ್ಟು ವೀರ್ಯಾಣುಗಳನ್ನೂ ಇಲ್ಲವಾಗಿಸುತ್ತದೆ. ಮಗು ಬೇಕೆಂಬ ಯೋಚನೆ ಸದ್ಯಕ್ಕಾಗಲಿ ಮುಂದಿನ ಒಂದೆರಡು ವರ್ಷಗಳಲ್ಲಾಗಲಿ ಇದ್ದರೆ, ವೈದ್ಯರು ಕೇಳದಿದ್ದರೂ ತಾವಾಗಿ ಹೇಳಬೇಕು. ಪಿಟ್ಯುಟರಿಯ ಸಂಕೇತದ ಕೊರತೆಯಿಂದ ಟೆಸ್ಟೋಸ್ಟೆರಾನ್ ಕಡಿಮೆಯಾದವರಿಗೆ ಎಲ್‌ಎಚ್‌ನಂತೆಯೇ ಕೆಲಸ ಮಾಡುವ ಎಚ್‌ಸಿಜಿ ಮತ್ತು ಎಫ್‌ಎಸ್‌ಎಚ್ ಇಂಜೆಕ್ಷನ್‌ಗಳು, ಕೆಲವರಲ್ಲಿ ಕ್ಲೋಮಿಫೀನ್ ಮಾತ್ರೆ ವೃಷಣವನ್ನೇ ಕೆಲಸಕ್ಕೆ ಹಚ್ಚುವ ಬೇರೆ ದಾರಿಗಳಾಗಿ ಇವೆ.

ಔಷಧ ನಿಲ್ಲಿಸಿದರೆ ವೀರ್ಯಾಣುಗಳು ಮರಳುತ್ತವೆಯೇ? ಬಹುತೇಕರಲ್ಲಿ ಮರಳುತ್ತವೆ, ಆದರೆ ನಿಧಾನವಾಗಿ. ಗರ್ಭನಿರೋಧಕ ಪ್ರಯೋಗಗಳಲ್ಲಿ ಭಾಗವಹಿಸಿದ್ದವರ ಮಾಹಿತಿಯನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಆರು ತಿಂಗಳಲ್ಲಿ ಮೂರರಲ್ಲಿ ಎರಡು ಪಾಲು, ಒಂದು ವರ್ಷದಲ್ಲಿ ಶೇ. 90ರಷ್ಟು ಮಂದಿಯ ವೀರ್ಯಾಣು ಸಂಖ್ಯೆ ಮಿಲಿಲೀಟರಿಗೆ 2 ಕೋಟಿಯ ಮಟ್ಟ ಮುಟ್ಟಿತ್ತು. ಉಳಿದ ಕೆಲವರಿಗೆ ಎರಡು ವರ್ಷ ಹಿಡಿಯಿತು. ಅವರೆಲ್ಲ ಮೊದಲಿನಿಂದ ಆರೋಗ್ಯವಂತರು, ಅಳತೆಯ ಪ್ರಮಾಣದಲ್ಲಿ ಔಷಧ ಪಡೆದವರು. ವರ್ಷಗಟ್ಟಲೆ ಹಲವು ಸ್ಟೀರಾಯ್ಡ್‌ಗಳನ್ನು ಬೆರೆಸಿ ಮನಬಂದಂತೆ ಬಳಸಿದವರಿಗೆ ಈ ಭರವಸೆಯನ್ನು ಹಾಗೆಯೇ ಕೊಡಲಾಗದು.

ಕೊರತೆ ಇದೆಯೆಂದು ಹೇಗೆ ತೀರ್ಮಾನಿಸಬೇಕು

ಲ್ಯಾಬಿನ ವರದಿಯೊಂದನ್ನು ಮುಂದಿಟ್ಟುಕೊಂಡು ನೋಡೋಣ. ‘ಟೋಟಲ್ ಟೆಸ್ಟೋಸ್ಟೆರಾನ್, 255 ನ್ಯಾನೋಗ್ರಾಂ ಪ್ರತಿ ಡೆಸಿಲೀಟರಿಗೆ’ ಎಂದು ಮುದ್ರಿಸಿ, ಕಡಿಮೆ ಎಂಬ ಗುರುತು ಹಾಕಿರುತ್ತಾರೆ. ಕಣ್ಣು ಹೋಗಬೇಕಾದದ್ದು ಆ ಅಂಕಿಗಿಂತ ಮೊದಲು ಮೇಲ್ಭಾಗದಲ್ಲಿ ಸಣ್ಣ ಅಕ್ಷರದಲ್ಲಿರುವ ರಕ್ತ ತೆಗೆದ ಸಮಯದ ಮೇಲೆ. ಕೆಲಸ ಮುಗಿಸಿ ಬರುವಾಗ ಸಂಜೆ ಐದಕ್ಕೆ ಕೊಟ್ಟ ರಕ್ತವಾಗಿದ್ದರೆ ಆ ಅಂಕಿಯಿಂದ ಯಾವ ತೀರ್ಮಾನಕ್ಕೂ ಬರುವಂತಿಲ್ಲ, ಏಕೆಂದರೆ ಟೆಸ್ಟೋಸ್ಟೆರಾನ್ ಬೆಳಿಗ್ಗೆ ಹೆಚ್ಚಿದ್ದು ಸಂಜೆಯ ಹೊತ್ತಿಗೆ ಇಳಿಯುತ್ತದೆ, ಯುವಕರಲ್ಲಿ ಈ ಏರಿಳಿತ ಇನ್ನೂ ಜಾಸ್ತಿ. ಊಟ ಮಾಡಿದ ಮೇಲೂ ಅದು ತಗ್ಗುತ್ತದೆ. ಜ್ವರ ಬಂದಿದ್ದಾಗ, ಆಸ್ಪತ್ರೆಯಲ್ಲಿ ದಾಖಲಾಗಿದ್ದಾಗ, ಕೆಲವು ರಾತ್ರಿ ಸರಿಯಾಗಿ ನಿದ್ದೆ ಇಲ್ಲದಿದ್ದಾಗ ಕಡಿಮೆ ಬರುವುದು ಸಹಜ. ಕೂದಲು, ಉಗುರಿಗೆಂದು ಹೆಚ್ಚು ಪ್ರಮಾಣದ ಬಯೋಟಿನ್ ಮಾತ್ರೆ ನುಂಗುವವರಲ್ಲಿ ಕೆಲವು ಪರೀಕ್ಷಾ ವಿಧಾನಗಳು ನಿಜಕ್ಕಿಂತ ಹೆಚ್ಚಿನ ಅಂಕಿಯನ್ನೂ ತೋರಿಸಬಹುದು.

ಆದ್ದರಿಂದಲೇ ವೈದ್ಯಕೀಯ ಮಾರ್ಗಸೂಚಿಗಳು ಎರಡು ಬೇರೆ ಬೇರೆ ದಿನ, ಬೆಳಿಗ್ಗೆ, ಖಾಲಿಹೊಟ್ಟೆಯಲ್ಲಿ ಪರೀಕ್ಷಿಸಿದಾಗ ಎರಡು ಸಲವೂ ಕಡಿಮೆ ಬಂದಿರಬೇಕು, ಅದರ ಜೊತೆಗೆ ಲಕ್ಷಣಗಳೂ ಇರಬೇಕು ಎನ್ನುತ್ತವೆ. ಕಡಿಮೆ ಎಂದರೆ ಎಷ್ಟು ಎಂಬುದರಲ್ಲಿ ಸಣ್ಣ ವ್ಯತ್ಯಾಸವಿದೆ: ಅಮೆರಿಕದ ಯುರಾಲಜಿ ತಜ್ಞರ ಸಂಘ 300 ಎಂಬ ಗೆರೆ ಹಾಕಿಕೊಂಡಿದ್ದರೆ, ಎಂಡೋಕ್ರೈನ್ ಸೊಸೈಟಿಯ 2018ರ ಮಾರ್ಗಸೂಚಿ ಸ್ಥೂಲಕಾಯವಿಲ್ಲದ ಆರೋಗ್ಯವಂತ ಯುವಕರಲ್ಲಿ ಕೆಳಮಿತಿ 264 ಎನ್ನುತ್ತದೆ. ವರದಿ ನ್ಯಾನೋಮೋಲ್ ಲೆಕ್ಕದಲ್ಲಿದ್ದರೆ ಅದನ್ನು ಸುಮಾರು 28.8ರಿಂದ ಗುಣಿಸಿದರೆ ಈ ಲೆಕ್ಕಕ್ಕೆ ಬರುತ್ತದೆ. ಲಕ್ಷಣಗಳಲ್ಲಿಯೂ ತೂಕದ ವ್ಯತ್ಯಾಸವಿದೆ. ಬೆಳಗಿನ ಹೊತ್ತು ತಾನಾಗಿ ಆಗುತ್ತಿದ್ದ ನಿಮಿರುವಿಕೆ ನಿಂತುಹೋಗುವುದು, ಲೈಂಗಿಕ ಆಸಕ್ತಿ ಇಳಿಯುವುದು, ಮುಖದ ಹಾಗೂ ಮೈಯ ಕೂದಲು ಕಡಿಮೆಯಾಗುವುದು, ವೃಷಣ ಚಿಕ್ಕದಾಗುವುದು, ಅಷ್ಟೇನೂ ಪೆಟ್ಟಿಲ್ಲದೆ ಮೂಳೆ ಮುರಿಯುವುದು ಕೊರತೆಯತ್ತ ನೇರವಾಗಿ ಬೊಟ್ಟು ಮಾಡುತ್ತವೆ. ಬರೀ ಸುಸ್ತು, ಬೇಸರ, ಏಕಾಗ್ರತೆ ಇಲ್ಲದಿರುವುದಕ್ಕೆ ರಕ್ತಹೀನತೆ, ಥೈರಾಯ್ಡ್, ಖಿನ್ನತೆ, ನಿದ್ರಾಹೀನತೆ ಹೀಗೆ ನೂರು ಕಾರಣಗಳಿರಬಹುದು.

ಕಡಿಮೆ ಇರುವುದು ಖಚಿತವಾದ ಮೇಲೂ ಔಷಧ ಬರೆಯುವ ಮುನ್ನ ಇನ್ನೊಂದು ಹೆಜ್ಜೆ ಉಳಿದಿರುತ್ತದೆ, ಇದನ್ನು ಬಿಟ್ಟುಬಿಡುವುದೇ ಹೆಚ್ಚು. ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಅಳೆದರೆ ದೋಷ ಎಲ್ಲಿದೆ ಎಂದು ತಿಳಿಯುತ್ತದೆ. ಅವೆರಡೂ ಹೆಚ್ಚಿದ್ದರೆ ತೊಂದರೆ ವೃಷಣದಲ್ಲಿ: ಒಂದು ಎಕ್ಸ್ ವರ್ಣತಂತು ಹೆಚ್ಚಾಗಿರುವ ಕ್ಲೈನ್‌ಫೆಲ್ಟರ್ ಸ್ಥಿತಿ ಇರಬಹುದು, ಹರೆಯದಲ್ಲಿ ಬಂದ ಮಂಗನಬಾವು ವೃಷಣಕ್ಕೆ ಇಳಿದು ಹಾನಿ ಮಾಡಿರಬಹುದು. ಅವು ಕಡಿಮೆ ಅಥವಾ ಸಾಧಾರಣ ಮಟ್ಟದಲ್ಲಿದ್ದರೆ ದೋಷ ಮೇಲಿದೆ. ಆಗ ಪಿಟ್ಯುಟರಿಯ ಇನ್ನೊಂದು ಹಾರ್ಮೋನಾದ ಪ್ರೊಲ್ಯಾಕ್ಟಿನ್ ನೋಡಬೇಕು, ಅಗತ್ಯವಿದ್ದರೆ ಪಿಟ್ಯುಟರಿಯ ಎಂಆರ್‌ಐ ಮಾಡಿಸಬೇಕು. ಪ್ರೊಲ್ಯಾಕ್ಟಿನ್ ಸುರಿಸುವ ಗೆಡ್ಡೆಯಿದ್ದರೆ ಅದಕ್ಕೆ ಮಾತ್ರೆ ಕೊಟ್ಟರೆ ಟೆಸ್ಟೋಸ್ಟೆರಾನ್ ತಾನೇ ಸರಿಹೋಗುವುದುಂಟು. ಈ ಪರೀಕ್ಷೆಗಳನ್ನು ಚಿಕಿತ್ಸೆ ಆರಂಭಿಸುವ ಮುನ್ನವೇ ಮಾಡಿಸಬೇಕು, ಏಕೆಂದರೆ ಮೊದಲ ಕೆಲವು ವಾರಗಳಲ್ಲೇ ಎಲ್‌ಎಚ್ ಕುಸಿದು ಮೂಲ ಕಾರಣದ ಸುಳಿವು ಅಳಿಸಿಹೋಗುತ್ತದೆ. ಬೊಜ್ಜು ಮತ್ತು ಟೈಪ್ 2 ಮಧುಮೇಹ ಇರುವವರಲ್ಲಿ ಟೆಸ್ಟೋಸ್ಟೆರಾನನ್ನು ರಕ್ತದಲ್ಲಿ ಹೊತ್ತೊಯ್ಯುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನೇ ಕಡಿಮೆಯಿರುವುದರಿಂದ ಒಟ್ಟು ಅಂಕಿ ಕಡಿಮೆ ಕಾಣುತ್ತದೆ. ಅಂಥವರಿಗೆ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಫ್ರೀ ಟೆಸ್ಟೋಸ್ಟೆರಾನ್ ಎಷ್ಟಿದೆ ಎಂದು ಲೆಕ್ಕ ಹಾಕಬೇಕಾಗುತ್ತದೆ. ಅವರಲ್ಲಿ ತೂಕ ಇಳಿಸುವುದರಿಂದಲೇ ಹಾರ್ಮೋನಿನ ಮಟ್ಟ ಏರುವುದು ಚೆನ್ನಾಗಿ ದಾಖಲಾಗಿದೆ.

ವಯಸ್ಸಾದಂತೆ ಟೆಸ್ಟೋಸ್ಟೆರಾನ್ ನಿಧಾನವಾಗಿ ಇಳಿಯುವುದು ಸಹಜ. ಬರೀ ವಯಸ್ಸಿನಿಂದ ಆದ ಇಳಿಕೆಗೆ ಈ ಔಷಧ ಕೊಡುವುದರ ಲಾಭವೂ ಸುರಕ್ಷತೆಯೂ ಸಾಬೀತಾಗಿಲ್ಲ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2015ರಲ್ಲೇ ಎಚ್ಚರಿಸಿತ್ತು. 65 ದಾಟಿದ, ಮಟ್ಟ ಕಡಿಮೆಯಿದ್ದ 790 ಪುರುಷರ ಮೇಲೆ ಒಂದು ವರ್ಷ ನಡೆದು 2016ರಲ್ಲಿ ಫಲಿತಾಂಶ ಕೊಟ್ಟ ಪ್ರಯೋಗಗಳಲ್ಲಿ ಲೈಂಗಿಕ ಆಸಕ್ತಿ ಮತ್ತು ಸಾಮರ್ಥ್ಯದಲ್ಲಿ ಸಾಧಾರಣ ಸುಧಾರಣೆ ಕಂಡಿತು, ಆದರೆ ಜನ ಬಹುವಾಗಿ ಬಯಸುವ ‘ಚೈತನ್ಯ’ದ ಅಳತೆಯಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಜೆಲ್, ಇಂಜೆಕ್ಷನ್, ಕ್ಯಾಪ್ಸೂಲ್

ಟೆಸ್ಟೋಸ್ಟೆರಾನನ್ನು ಇದ್ದ ಹಾಗೆಯೇ ನುಂಗಿದರೆ ಕರುಳಿನಿಂದ ಯಕೃತ್ತಿಗೆ ಹೋಗಿ ಅಲ್ಲಿಯೇ ಒಡೆದುಹೋಗುತ್ತದೆ. ಆದ್ದರಿಂದ ಚರ್ಮದ ಮೂಲಕ, ಸ್ನಾಯುವಿನ ಮೂಲಕ, ಇಲ್ಲವೇ ಯಕೃತ್ತನ್ನು ತಪ್ಪಿಸಿ ಹೋಗುವ ದಾರಿಯಿಂದ ಅದನ್ನು ಕೊಡಬೇಕಾಗುತ್ತದೆ.

ಜೆಲ್ ದಿನವೂ ಬೆಳಿಗ್ಗೆ ಸ್ನಾನವಾದ ಮೇಲೆ ಒಣಗಿದ ಮೈಗೆ ಹಚ್ಚಿಕೊಳ್ಳುವಂಥದ್ದು. ಭುಜ, ತೋಳಿನ ಮೇಲ್ಭಾಗ, ಕೆಲವು ಜೆಲ್‌ಗಳಾದರೆ ಹೊಟ್ಟೆ ಅದರ ಜಾಗ, ಜನನಾಂಗವಲ್ಲ. ರಕ್ತದ ಮಟ್ಟ ದಿನವಿಡೀ ಹೆಚ್ಚುಕಡಿಮೆ ಒಂದೇ ಸಮ ಇರುವುದು ಇದರ ಗುಣ. ಇದರ ದೊಡ್ಡ ಅಪಾಯ ಹಚ್ಚಿಕೊಂಡವರಿಗಲ್ಲ, ಅವರನ್ನು ಮುಟ್ಟುವವರಿಗೆ. ನಮ್ಮ ಮನೆಗಳಲ್ಲಿ ಬೆಳಿಗ್ಗೆ ಬನಿಯನ್ ಹಾಕಿಕೊಂಡು ಮಗುವನ್ನು ಹೆಗಲಿಗೆ ಹಾಕಿಕೊಳ್ಳುವುದು, ಅಪ್ಪನ ಹಾಸಿಗೆಯಲ್ಲೇ ಮಕ್ಕಳು ಮಲಗುವುದು, ಒಂದೇ ಟವೆಲ್ಲನ್ನು ಇಬ್ಬರು ಬಳಸುವುದು ಮಾಮೂಲು. ಆ ಸ್ಪರ್ಶದಿಂದ ಹಾರ್ಮೋನು ಮಗುವಿನ ಚರ್ಮಕ್ಕೆ ದಾಟುತ್ತದೆ. ಪುಟ್ಟ ಮಕ್ಕಳಲ್ಲಿ ಜನನಾಂಗ ದೊಡ್ಡದಾದ, ಗುಹ್ಯ ಕೂದಲು ಬಂದ, ಮೂಳೆಯ ವಯಸ್ಸು ಮುಂದೋಡಿದ ಪ್ರಕರಣಗಳು ವರದಿಯಾದ ಮೇಲೆ 2009ರಲ್ಲಿ ಅಮೆರಿಕ ಈ ಜೆಲ್‌ಗಳ ಮೇಲೆ ಅತಿ ಗಂಭೀರ ದರ್ಜೆಯ ಎಚ್ಚರಿಕೆ ಮುದ್ರಿಸುವಂತೆ ಮಾಡಿತು. ಸ್ಪರ್ಶ ನಿಂತ ಮೇಲೆ ಬಹುತೇಕ ಬದಲಾವಣೆಗಳು ಹಿಂದೆ ಸರಿದರೂ ಕೆಲವು ಪೂರ್ತಿಯಾಗಿ ಸರಿಯಲಿಲ್ಲ. ಹಾಗಾಗಿ ಜೆಲ್ ಹಚ್ಚಿದ ತಕ್ಷಣ ಸೋಪು ಹಾಕಿ ಕೈ ತೊಳೆಯಬೇಕು, ಪೂರ್ತಿ ಒಣಗಿದ ಮೇಲೆ ಆ ಜಾಗ ಮುಚ್ಚುವಂಥ ಅಂಗಿ ಹಾಕಬೇಕು, ಯಾರಾದರೂ ಆ ಚರ್ಮಕ್ಕೆ ತಾಗುವ ಸಂದರ್ಭವಿದ್ದರೆ ಮೊದಲು ತೊಳೆದುಕೊಳ್ಳಬೇಕು. ಗರ್ಭಿಣಿಯರು ಆ ಜಾಗವನ್ನಾಗಲಿ ಒಗೆಯದ ಆ ಬಟ್ಟೆಯನ್ನಾಗಲಿ ಬರಿಗೈಯಲ್ಲಿ ಮುಟ್ಟಬಾರದು. ಹೊಟ್ಟೆಯಲ್ಲಿರುವ ಹೆಣ್ಣುಶಿಶುವಿನ ಜನನಾಂಗದ ಬೆಳವಣಿಗೆ ಏರುಪೇರಾಗಬಹುದು. ಜೆಲ್ಲಿನಲ್ಲಿ ಆಲ್ಕೋಹಾಲ್ ಇರುವುದರಿಂದ ಒಣಗುವ ತನಕ ಒಲೆ, ದೀಪ, ಬೀಡಿ ಸಿಗರೇಟಿನ ಹತ್ತಿರ ಹೋಗಕೂಡದು. ಎಷ್ಟು ಗಂಟೆ ಸ್ನಾನ ಮಾಡಬಾರದು ಎಂಬುದು ಆಯಾ ಜೆಲ್ಲಿನ ಸಾಂದ್ರತೆಗೆ ತಕ್ಕಂತೆ ಬೇರೆಯಾಗುತ್ತದೆ, ಟ್ಯೂಬಿನ ಜೊತೆ ಬರುವ ಚೀಟಿ ನೋಡಿಕೊಳ್ಳಬೇಕು.

ಇಂಜೆಕ್ಷನ್ನುಗಳಲ್ಲಿ ಹಾರ್ಮೋನನ್ನು ಎಣ್ಣೆಯಲ್ಲಿ ಕರಗಿಸಿರುತ್ತಾರೆ. ಎನಾಂಥೇಟ್, ಸಿಪಿಯೊನೇಟ್ ಬಗೆಯವು ವಾರಕ್ಕೋ ಎರಡು ವಾರಕ್ಕೋ ಒಮ್ಮೆ. ಚುಚ್ಚಿದ ಮೊದಲ ದಿನಗಳಲ್ಲಿ ಮಟ್ಟ ಏರಿ, ಮುಂದಿನ ಇಂಜೆಕ್ಷನ್ ಹತ್ತಿರವಾಗುವ ಹೊತ್ತಿಗೆ ಇಳಿಯುವುದರಿಂದ ಕೆಲವರಿಗೆ ಉತ್ಸಾಹವೂ ಸಿಡುಕೂ ಅದರೊಂದಿಗೇ ಏರಿಳಿಯುತ್ತವೆ. ಅನ್‌ಡೆಕನೊಯೇಟ್ ಎಂಬ ದೀರ್ಘಕಾಲದ ಬಗೆಯನ್ನು ಹರಳೆಣ್ಣೆಯಲ್ಲಿ ಕರಗಿಸಿ ಕೊಡುತ್ತಾರೆ. 1000 ಮಿಲಿಗ್ರಾಂನ ಮೊದಲೆರಡು ಇಂಜೆಕ್ಷನ್‌ಗಳ ನಡುವೆ ಆರು ವಾರ, ನಂತರ ಹತ್ತರಿಂದ ಹದಿನಾಲ್ಕು ವಾರಗಳ ಅಂತರ. ಟೆಸ್ಟೋಸ್ಟೆರಾನಿನ ನಾಲ್ಕು ಬಗೆಯ ಸಂಯುಕ್ತಗಳನ್ನು (ಎಸ್ಟರ್) ಬೆರೆಸಿದ ಸಸ್ಟನಾನ್ ಎಂಬ ಇಂಜೆಕ್ಷನ್ನಿನಲ್ಲಿ ಬಳಸುವುದು ಕಡಲೆಕಾಯಿ ಎಣ್ಣೆ, ಆದ್ದರಿಂದ ಕಡಲೆಕಾಯಿ ಅಲರ್ಜಿ ಇರುವವರು ಅದನ್ನು ತೆಗೆದುಕೊಳ್ಳುವಂತಿಲ್ಲ. ದೀರ್ಘಕಾಲದ ಬಗೆಯಲ್ಲಿ ಎಣ್ಣೆಯ ಪ್ರಮಾಣ ಹೆಚ್ಚು, ಅದನ್ನು ಪೃಷ್ಠದ ಸ್ನಾಯುವಿಗೆ ಆಳವಾಗಿ, ಬಹಳ ನಿಧಾನವಾಗಿ ಕೊಡಬೇಕು. ಎಣ್ಣೆಯ ಸೂಕ್ಷ್ಮ ಹನಿಗಳು ರಕ್ತನಾಳ ಸೇರಿ ಶ್ವಾಸಕೋಶ ತಲುಪಿದರೆ ಕೂಡಲೇ ಕೆಮ್ಮು ಉಕ್ಕಿ ಬರುತ್ತದೆ, ಎದೆ ಬಿಗಿಯುತ್ತದೆ, ತಲೆ ಸುತ್ತುತ್ತದೆ. ಇದು ಅಪರೂಪ, ಸಾಮಾನ್ಯವಾಗಿ ಬೇಗ ಇಳಿಯುತ್ತದೆ ಕೂಡ. ಆದರೂ ಅಮೆರಿಕದಲ್ಲಿ ಈ ಇಂಜೆಕ್ಷನ್ ಪಡೆದವರನ್ನು ಅರ್ಧ ಗಂಟೆ ಕ್ಲಿನಿಕ್ಕಿನಲ್ಲೇ ಕೂರಿಸಿಕೊಳ್ಳುವುದು ಕಡ್ಡಾಯವಾಗಿದೆ. ಇಲ್ಲಿಯೂ ಚುಚ್ಚಿಸಿಕೊಂಡ ಕೂಡಲೇ ಬೈಕ್ ಹತ್ತದೆ ಅಷ್ಟು ಹೊತ್ತು ಕಾಯುವುದು ಒಳ್ಳೆಯದು.

ಅನ್‌ಡೆಕನೊಯೇಟ್ ಕ್ಯಾಪ್ಸೂಲ್ ಕರುಳಿನಿಂದ ಯಕೃತ್ತಿಗೆ ಹೋಗದೆ ದುಗ್ಧರಸದ (ಲಿಂಫ್) ಮೂಲಕ ಹೀರಲ್ಪಡುವುದರಿಂದ ಕೊಬ್ಬಿನಂಶವಿರುವ ಊಟದ ಜೊತೆಗೇ ನುಂಗಬೇಕು. ಖಾಲಿಹೊಟ್ಟೆಯಲ್ಲಿ ನುಂಗಿದರೆ ದಕ್ಕುವುದು ಬಹಳ ಕಡಿಮೆ. ಮೀಥೈಲ್ ಟೆಸ್ಟೋಸ್ಟೆರಾನಿನಂಥ ಹಳೆಯ ಮಾತ್ರೆಗಳು ಯಕೃತ್ತಿಗೆ ಹಾನಿ ಮಾಡುವುದರಿಂದ ಅವುಗಳ ಗೊಡವೆ ಬೇಡ.

ರಕ್ತ ಗಟ್ಟಿಯಾಗುವುದು ಮತ್ತು ಇತರ ಅಡ್ಡಪರಿಣಾಮಗಳು

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ, ರಕ್ತಪರೀಕ್ಷೆ ಮಾಡಿಸದಿದ್ದರೆ ಗೊತ್ತೇ ಆಗದ ಅಡ್ಡಪರಿಣಾಮವೆಂದರೆ ಕೆಂಪು ರಕ್ತಕಣಗಳು ಮಿತಿಮೀರುವುದು. ರಕ್ತದಲ್ಲಿ ಕೆಂಪುಕಣಗಳು ಎಷ್ಟು ಪಾಲು ಎಂಬುದನ್ನು ಹೇಳುವ ಅಂಕಿಯೇ ಹಿಮ್ಯಾಟೊಕ್ರಿಟ್. ಸಾಧಾರಣ ಸಿಬಿಸಿ ಪರೀಕ್ಷೆಯಲ್ಲಿಯೇ ಅದು ಬರುತ್ತದೆ. ಟೆಸ್ಟೋಸ್ಟೆರಾನ್ ಮೂಳೆಮಜ್ಜೆಯನ್ನು ಚುರುಕುಗೊಳಿಸುವುದರಿಂದ ಈ ಅಂಕಿ ಏರುತ್ತದೆ, ರಕ್ತ ಮಂದವಾಗುತ್ತದೆ. ಶೇ. 54 ದಾಟಿದರೆ ಔಷಧ ನಿಲ್ಲಿಸಿ, ಇಳಿದ ಮೇಲೆ ಕಡಿಮೆ ಪ್ರಮಾಣದಲ್ಲಿ ಮತ್ತೆ ಆರಂಭಿಸುವುದು ರೂಢಿ. ಚಿಕಿತ್ಸೆಗೆ ಮುಂಚೆಯೇ ಶೇ. 50 ಮೀರಿದ್ದರೆ ಅದಕ್ಕೆ ಕಾರಣವೇನೆಂದು ಹುಡುಕದೆ ಮುಂದುವರಿಯಬಾರದು. ಧೂಮಪಾನ, ನಿದ್ದೆಯಲ್ಲಿ ಉಸಿರುಕಟ್ಟುವ ತೊಂದರೆ ಇರುವವರಲ್ಲಿ ಅದು ಮೊದಲೇ ಏರಿರುವುದುಂಟು. ಆಸ್ಟ್ರೇಲಿಯಾದಲ್ಲಿ ಸಾವಿರದಷ್ಟು ಪುರುಷರ ಮೇಲೆ ಎರಡು ವರ್ಷ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಅನ್‌ಡೆಕನೊಯೇಟ್ ಇಂಜೆಕ್ಷನ್ ಪಡೆದವರ ಪೈಕಿ ಶೇ. 22ರಷ್ಟು ಮಂದಿಯಲ್ಲಿ ಹಿಮ್ಯಾಟೊಕ್ರಿಟ್ 54 ಮುಟ್ಟಿತ್ತು. ಔಷಧವಿಲ್ಲದ ಇಂಜೆಕ್ಷನ್ ಪಡೆದವರಲ್ಲಿ ಇದು ಶೇ. 1 ಮಾತ್ರ. ಐದರಲ್ಲಿ ಒಬ್ಬರಿಗೆ ಆಗಬಹುದಾದ ಬದಲಾವಣೆಯನ್ನು ಅಳೆಯದೆಯೇ ವರ್ಷಗಟ್ಟಲೆ ಇಂಜೆಕ್ಷನ್ ಮುಂದುವರಿಸುವುದನ್ನು ನಾನು ಚಿಕಿತ್ಸೆ ಎಂದು ಕರೆಯಲಾರೆ.

ಹೃದಯದ ಬಗ್ಗೆ ಬಹಳ ಕಾಲ ಗೊಂದಲವಿತ್ತು. 2023ರಲ್ಲಿ ಫಲಿತಾಂಶ ಪ್ರಕಟಿಸಿದ ಟ್ರಾವರ್ಸ್ ಎಂಬ ಪ್ರಯೋಗ 45ರಿಂದ 80 ವಯಸ್ಸಿನ, ಹೃದ್ರೋಗ ಇದ್ದ ಅಥವಾ ಬರುವ ಸಂಭವ ಹೆಚ್ಚಿದ್ದ 5,200ಕ್ಕೂ ಹೆಚ್ಚು ಪುರುಷರಲ್ಲಿ ಟೆಸ್ಟೋಸ್ಟೆರಾನ್ ಜೆಲ್ಲನ್ನು ಔಷಧವಿಲ್ಲದ ಜೆಲ್ಲಿನೊಂದಿಗೆ ಹೋಲಿಸಿತು. ಹೃದಯಾಘಾತ, ಪಾರ್ಶ್ವವಾಯು, ಹೃದಯಸಂಬಂಧಿ ಸಾವು ಸೇರಿಸಿ ನೋಡಿದಾಗ ಒಂದು ಗುಂಪಿನಲ್ಲಿ ಶೇ. 7.0, ಇನ್ನೊಂದರಲ್ಲಿ ಶೇ. 7.3, ಅಂದರೆ ಆತಂಕಪಟ್ಟಷ್ಟು ಅಪಾಯ ಕಾಣಲಿಲ್ಲ. ಆದರೆ ಅದೇ ಪ್ರಯೋಗದಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಎಂಬ ಹೃದಯದ ಲಯತಪ್ಪುವಿಕೆ, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಳ್ಳುವುದು, ಮೂತ್ರಪಿಂಡಕ್ಕೆ ಹಠಾತ್ ಹಾನಿ ಈ ಮೂರೂ ಟೆಸ್ಟೋಸ್ಟೆರಾನ್ ಪಡೆದವರಲ್ಲಿ ಹೆಚ್ಚಿದ್ದವು. ಮೂಳೆ ಗಟ್ಟಿಯಾಗುತ್ತದೆಂದು ನಂಬಿದ್ದವರಿಗೆ ಅಚ್ಚರಿಯಾಗುವಂತೆ ಮೂಳೆ ಮುರಿತವೂ ಅವರಲ್ಲೇ ಹೆಚ್ಚಾಗಿತ್ತು. ಭಾಗವಹಿಸಿದ ಹತ್ತರಲ್ಲಿ ಆರು ಮಂದಿ ಔಷಧವನ್ನು ನಡುವೆಯೇ ಬಿಟ್ಟಿದ್ದರು, ಮತ್ತು ಅಲ್ಲಿ ಮಟ್ಟವನ್ನು ಸಹಜ ಮಿತಿಯೊಳಗೇ ಇರಿಸಲಾಗಿತ್ತು. ಹೃದಯಕ್ಕೆ ಅಪಾಯವಿಲ್ಲವಂತೆ ಎಂಬ ಅರ್ಧ ಸುದ್ದಿಯನ್ನು ಹಿಡಿದು ಜಿಮ್ಮಿನ ಪ್ರಮಾಣಗಳನ್ನು ಸಮರ್ಥಿಸುವವರು ಈ ಕೊನೆಯ ಮಾತನ್ನು ಗಮನಿಸಬೇಕು. ಕಳೆದ ಆರು ತಿಂಗಳಲ್ಲಿ ಹೃದಯಾಘಾತವೋ ಪಾರ್ಶ್ವವಾಯುವೋ ಆದವರಿಗೆ, ಹೃದಯ ವೈಫಲ್ಯ ಹತೋಟಿಯಲ್ಲಿಲ್ಲದವರಿಗೆ, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿಯಿರುವವರಿಗೆ ಇದನ್ನು ಆರಂಭಿಸುವುದಿಲ್ಲ. ಒಂದೇ ಕಾಲಿನಲ್ಲಿ ಊತ ಮತ್ತು ನೋವು, ಹಠಾತ್ ಉಸಿರಾಟದ ತೊಂದರೆ, ಎದೆನೋವು, ಮಾತು ತೊದಲುವುದು ಕಂಡರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ತುರ್ತು ಚಿಕಿತ್ಸೆಗೆ ಧಾವಿಸಬೇಕು. ಕೆಲವು ಬಗೆಗಳಲ್ಲಿ ರಕ್ತದೊತ್ತಡವೂ ಏರುತ್ತದೆ.

ಪ್ರಾಸ್ಟೇಟ್ ಅಥವಾ ಸ್ತನದ ಕ್ಯಾನ್ಸರ್ ಇರುವವರಿಗೆ ಈ ಔಷಧ ಸಲ್ಲದು. ಉಳಿದವರಲ್ಲಿ, ವಯಸ್ಸು ಮತ್ತು ಕುಟುಂಬದ ಇತಿಹಾಸ ನೋಡಿ ಮೊದಲು ಪ್ರಾಸ್ಟೇಟಿನ ತೊಂದರೆಯ ಸುಳಿವು ಕೊಡುವ ಪಿಎಸ್‌ಎ ಎಂಬುದನ್ನು ರಕ್ತದಲ್ಲಿ ಅಳೆದು, ಮೊದಲ ವರ್ಷದಲ್ಲಿ ಅದು ಮಿಲಿಲೀಟರಿಗೆ 1.4 ನ್ಯಾನೋಗ್ರಾಂಗಿಂತ ಹೆಚ್ಚು ಏರಿದರೆ ಯುರಾಲಜಿ ತಜ್ಞರಲ್ಲಿಗೆ ಕಳಿಸುತ್ತಾರೆ. ಮೊಡವೆ, ಎಣ್ಣೆಚರ್ಮ, ತಲೆಗೂದಲು ಉದುರುವುದು, ಪಾದದ ಊತ ಸಾಮಾನ್ಯ. ಟೆಸ್ಟೋಸ್ಟೆರಾನಿನ ಒಂದು ಪಾಲು ದೇಹದ ಕೊಬ್ಬಿನಲ್ಲಿ ಈಸ್ಟ್ರೊಜೆನ್ ಆಗಿ ಮಾರ್ಪಡುವುದರಿಂದ ಕೆಲವರಿಗೆ ಎದೆ ಊದಿಕೊಂಡು ನೋಯುತ್ತದೆ. ಜೋರು ಗೊರಕೆ, ಹಗಲಿನಲ್ಲಿ ತೂಕಡಿಕೆ ಇರುವವರು ಅದನ್ನು ವೈದ್ಯರಿಗೆ ತಿಳಿಸಲೇಬೇಕು. ಚಿಕಿತ್ಸೆಯಿಲ್ಲದ ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರುಕಟ್ಟುವ ತೊಂದರೆ) ಈ ಔಷಧದಿಂದ ಹದಗೆಡಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನುಂಗುವವರಲ್ಲಿ ಅದರ ಪರಿಣಾಮ ಹೆಚ್ಚಾಗಿ ರಕ್ತಸ್ರಾವವಾಗಬಹುದಾದ್ದರಿಂದ, ಆ ಪರಿಣಾಮವನ್ನು ಅಳೆಯುವ ಐಎನ್‌ಆರ್ ಪರೀಕ್ಷೆಯನ್ನು ಬೇಗಬೇಗ ಮಾಡಿಸಬೇಕು. ಇನ್ಸುಲಿನ್ ಅಥವಾ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಇಳಿಯುವ ಸಂಭವವಿದೆ.

ಚಿಕಿತ್ಸೆ ಶುರುವಾದ ಮೂರರಿಂದ ಆರು ತಿಂಗಳೊಳಗೆ ಒಮ್ಮೆ, ಆ ಮೇಲೆ ವರ್ಷಕ್ಕೊಮ್ಮೆ ಟೆಸ್ಟೋಸ್ಟೆರಾನ್ ಮತ್ತು ಹಿಮ್ಯಾಟೊಕ್ರಿಟ್ ನೋಡಬೇಕು. ಇಲ್ಲಿಯೂ ರಕ್ತ ಕೊಡುವ ಸಮಯ ಮುಖ್ಯ. ಎನಾಂಥೇಟ್ ಬಗೆಯಾದರೆ ಎರಡು ಇಂಜೆಕ್ಷನ್‌ಗಳ ನಟ್ಟನಡುವೆ; ದೀರ್ಘಕಾಲದ ಅನ್‌ಡೆಕನೊಯೇಟ್ ಆದರೆ ಮುಂದಿನ ಇಂಜೆಕ್ಷನ್ನಿಗೆ ತುಸು ಮುಂಚೆ; ಜೆಲ್ ಆದರೆ ಹಚ್ಚಿದ ಎರಡರಿಂದ ಎಂಟು ಗಂಟೆಯೊಳಗೆ. ಜೆಲ್ ಹಚ್ಚಿದ ತೋಳಿನಿಂದ ರಕ್ತ ತೆಗೆದರೆ ಚರ್ಮದ ಮೇಲಿನ ಔಷಧ ಸೂಜಿಯೊಂದಿಗೆ ಬೆರೆತು ಸುಳ್ಳು ಏರಿಕೆ ತೋರಿಸಬಹುದು, ಲ್ಯಾಬಿನವರಿಗೆ ಮೊದಲೇ ಹೇಳಿ ಇನ್ನೊಂದು ತೋಳು ಕೊಡಬೇಕು. ಗುರಿ ಸಹಜ ಮಿತಿಯ ಮಧ್ಯಭಾಗ. ಮಟ್ಟ ಆ ಜಾಗಕ್ಕೆ ಬಂದು ಆರೆಂಟು ತಿಂಗಳಾದರೂ ಯಾವ ಲಕ್ಷಣಕ್ಕಾಗಿ ಆರಂಭಿಸಿದರೋ ಅದು ಸುಧಾರಿಸದಿದ್ದರೆ, ಪ್ರಮಾಣ ಏರಿಸುವ ಬದಲು ಆ ಲಕ್ಷಣಕ್ಕೆ ಬೇರೆ ಕಾರಣವಿದೆಯೇ ಎಂದು ನೋಡುವುದು ಸರಿಯಾದ ದಾರಿ.

ವೈದ್ಯರ ಮೇಲ್ವಿಚಾರಣೆಯಲ್ಲಿ ಟೆಸ್ಟೋಸ್ಟೆರಾನ್ ಪಡೆಯುವ ಟ್ರಾನ್ಸ್ ಪುರುಷರಿಗೂ (ಹುಟ್ಟಿದಾಗ ಹೆಣ್ಣೆಂದು ಗುರುತಿಸಲ್ಪಟ್ಟು ಪುರುಷರಾಗಿ ಬದುಕುವವರು) ಹಿಮ್ಯಾಟೊಕ್ರಿಟ್ಟಿನ ಎಚ್ಚರಿಕೆ ಅಷ್ಟೇ ಅನ್ವಯಿಸುತ್ತದೆ. ಮುಟ್ಟು ನಿಂತ ಮಾತ್ರಕ್ಕೆ ಗರ್ಭ ನಿಲ್ಲುವುದಿಲ್ಲವೆಂದು ಭಾವಿಸಬಾರದು. ಗರ್ಭಕೋಶ, ಅಂಡಾಶಯ ಇರುವವರು ಬೇರೆ ಗರ್ಭನಿರೋಧಕ ಬಳಸಬೇಕಾಗುತ್ತದೆ. ದನಿ ಗಡಸಾಗುವುದು ಔಷಧ ನಿಲ್ಲಿಸಿದ ಮೇಲೂ ಹಿಂದೆ ಸರಿಯುವುದಿಲ್ಲ.

ಭಾರತದಲ್ಲಿ ಇದು ಶೆಡ್ಯೂಲ್ ಎಚ್‌ಗೆ ಸೇರಿದ ಔಷಧ. ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮೆಡಿಕಲ್ ಶಾಪಿನವರು ಮಾರುವಂತಿಲ್ಲ. ಚೀಟಿಯಿಲ್ಲದೆ ಜಿಮ್ಮಿನಲ್ಲಿ ಸಿಗುವ ಸೀಸೆಯಲ್ಲಿ ಏನಿದೆ, ಎಷ್ಟಿದೆ, ಕ್ರಿಮಿರಹಿತವಾಗಿದೆಯೇ ಎಂದು ಹೇಳಲು ಯಾರಿಂದಲೂ ಆಗದು. ಸೂಜಿ ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಹರಡುವ ಭಯ ಬೇರೆ. ಕ್ರೀಡಾಪಟುಗಳಿಗೆ ಟೆಸ್ಟೋಸ್ಟೆರಾನ್ ಸ್ಪರ್ಧೆ ಇರಲಿ ಇಲ್ಲದಿರಲಿ ವರ್ಷವಿಡೀ ನಿಷಿದ್ಧ. ನಿಜವಾದ ಕೊರತೆಯಿದ್ದು ಚಿಕಿತ್ಸೆ ಬೇಕಾದವರು ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕವಾದ ನಾಡಾದಿಂದ ವಿನಾಯಿತಿ ಪಡೆದಿರಬೇಕು.

ಚಿಕಿತ್ಸೆ ಬಿಡಬೇಕೆನಿಸಿದಾಗಲೂ ವೈದ್ಯರಿಗೆ ತಿಳಿಸಿಯೇ ಬಿಡಬೇಕು. ಹೊರಗಿನ ಹಾರ್ಮೋನು ನಿಂತ ಮೇಲೆ ಸ್ವಂತ ಉತ್ಪಾದನೆ ಮೊದಲಿನ ಮಟ್ಟಕ್ಕೆ ಬರಲು ವಾರಗಳಿಂದ ತಿಂಗಳುಗಳೇ ಹಿಡಿಯುತ್ತವೆ, ವೃಷಣವೇ ಹಾನಿಗೊಂಡವರಲ್ಲಿ ಬರುವುದೇ ಇಲ್ಲ. ಆ ನಡುವಿನ ಅವಧಿಯಲ್ಲಿ ತೀವ್ರ ಆಯಾಸ, ಲೈಂಗಿಕ ನಿರಾಸಕ್ತಿ, ಮಂಕು ಕವಿಯುತ್ತವೆ. ಹೆಚ್ಚಿನ ಪ್ರಮಾಣ ಬಳಸುತ್ತಿದ್ದವರಲ್ಲಿ ಖಿನ್ನತೆ ಆತ್ಮಹತ್ಯೆಯ ಯೋಚನೆಯವರೆಗೂ ಹೋಗಿರುವುದುಂಟು. ಅದನ್ನು ತಾಳಲಾರದೆ ಮತ್ತೆ ಇಂಜೆಕ್ಷನ್ನಿಗೆ ಮರಳುವವರು ಬಹಳ. ಜಿಮ್ಮಿನ ಇಂಜೆಕ್ಷನ್ನಿನಿಂದ ಈ ಸ್ಥಿತಿಗೆ ಬಂದ ಯುವಕರು ನಾಚಿಕೊಂಡು ಮುಚ್ಚಿಡುವುದೇ ಹೆಚ್ಚು. ಏನನ್ನು, ಎಷ್ಟು ದಿನ, ಯಾವ ಪ್ರಮಾಣದಲ್ಲಿ ತೆಗೆದುಕೊಂಡೆವೆಂಬುದನ್ನು ಹಾರ್ಮೋನು ತಜ್ಞರಿಗೆ ಬಿಚ್ಚಿ ಹೇಳಿದರೆ ಮಾತ್ರ ಅವರು ಎಲ್‌ಎಚ್, ಟೆಸ್ಟೋಸ್ಟೆರಾನ್, ವೀರ್ಯ ಪರೀಕ್ಷೆಗಳನ್ನು ಸರಿಯಾದ ಅಂತರದಲ್ಲಿ ಮಾಡಿಸಿ ಚೇತರಿಕೆಗೆ ನೆರವಾಗಬಲ್ಲರು. ವೈದ್ಯರು ಬರೆದುಕೊಟ್ಟ ಔಷಧದಿಂದಲೇ ಅಡ್ಡಪರಿಣಾಮವಾಗಿದ್ದರೆ ಅದನ್ನು ಭಾರತದ ಔಷಧ ಸುರಕ್ಷತಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ರೋಗಿಯೇ ನೇರವಾಗಿ ತಿಳಿಸಬಹುದು.